ಮೂರೂವರೆಯ ಒಳಗೆ

“ಕಣ್ಣಾಗ ಬೂದಿ ಬಿದ್ದೈತೇನಬೇ ರಂಡಿ? ಬಿಡಿಸಿದ ಹತ್ತೀನೆಲ್ಲಾ ಕೆಸರಿಗಿ ಚೆಲ್ಲಾಕತ್ತಿ! ಕುಡದ ಬಂದೀಯೇನ?”

ಬದುವಿನ ಮೇಲೆ ಕೊಡೆ ಹಿಡಿದು ನಿಂತ ಪ್ರಭುಗೌಡ ಬೈಯುತ್ತಿದ್ದದ್ದು ಜಮಾಲಬಿಯನ್ನು. ತಿರ್ಲಾಪುರದ ಸೀಮೆಯಲ್ಲಿ ಅವಳಷ್ಟು ಚುರುಕಾಗಿ ಹತ್ತಿ ಬಿಡಿಸುವ ಕೈ ಇನ್ನೊಂದಿರಲಿಲ್ಲ. ಈಗ ಆ ಬಲಗೈಯಿಂದಲೇ ಹತ್ತಿ ಜಾರಿ ಬೀಳುತ್ತಿತ್ತು. ಉಡಿ ಬಿಚ್ಚಿ ನೇತಾಡುತ್ತಿದ್ದರೂ ಅವಳಿಗೆ ಖಬರಿರಲಿಲ್ಲ.

ಜಮಾಲಬಿ ಉತ್ತರ ಕೊಡಲು ಹೋದಳು. ಬಾಯಿಂದ ಬಂದದ್ದು ಮಾತಾಗಿರಲಿಲ್ಲ. ಪಕ್ಕದ ಸಾಲಿನ ಮಲ್ಲಕ್ಕ ತಲೆಯೆತ್ತಿದಳು. ಹನ್ನೊಂದರ ಬಸ್ಸು ರಸ್ತೆಯಲ್ಲಿ ಹಾರ್ನ್ ಹೊಡೆದಾಗ ನಗುನಗುತ್ತ ಎಲೆಯಡಿಕೆ ಕೇಳಿದ್ದ ಗೆಳತಿಯ ಬಾಯಿ ಈಗ ಒಂದು ಕಡೆಗೆ ಸೊಟ್ಟಗಾಗಿ ಜೊಲ್ಲು ಸೋರುತ್ತಿತ್ತು. ಮಲ್ಲಕ್ಕ ಸಾಲು ದಾಟಿ ಅವಳ ಮುಂದೆ ಬಂದು ನಿಂತಳು.

“ಜಮಾಲಕ್ಕಾ, ಎರಡೂ ಕೈ ಎತ್ತ ನೋಡೂಣು.”

ಎಡಗೈ ಎದ್ದಿತು. ಬಲಗೈ ಏಳಲಿಲ್ಲ.

“ಲಕ್ವಾ ಹೊಡದೈತ್ರಿ ಗೌಡ್ರ. ಈಗಿಂದೀಗ ಹುಬ್ಬಳ್ಳಿಗಿ ಒಯ್ಯಬೇಕ್ರಿ.”

“ಗಾಳಿ ಬಡದೈತಿ. ಪಾರಿವಾಳದ ರಕ್ತಾ ತಿಕ್ಕಿ ಮಲಗಸ್ರಿ. ಮೊದಲ ನೀರ್ ಕುಡಸ್ರಿ.”

ಯಾರೋ ತಂಬಿಗೆ ತಂದು ತುಟಿಗೆ ಹಿಡಿದರು. ಮಲ್ಲಕ್ಕ ಅದನ್ನು ಹೊಡೆದು ಬೀಳಿಸಿದಳು. “ಬಾಯಿ ಸೊಟ್ಟಾದಾಗ ನೀರ್ ಹಾಕಬಾರದು, ಉಸಿರಿನ ಕೊಳವಿಗಿ ಇಳೀತೈತಿ!”

ಹೋದ ವರ್ಷ ತನ್ನ ಗಂಡ ಮೈಲಾರಪ್ಪನ ಬಾಯಿ ಹೀಗೇ ಸೊಟ್ಟಗಾದಾಗಲೂ ಇದೇ ಗೌಡ ಇದೇ ಪಾರಿವಾಳದ ಮಾತು ಹೇಳಿದ್ದ. ದೊಡ್ಡವರ ಮಾತು ಎಂದು ಮಲ್ಲಕ್ಕ ಮೂರು ದಿನ ರಕ್ತ ತಿಕ್ಕಿದಳು, ಗಂಜಿ ಕುಡಿಸಿದಳು. ಹುಬ್ಬಳ್ಳಿಯ ಡಾಕ್ಟರಮ್ಮ ಆಮೇಲೆ ಕಾಲುವೆಯ ಹೋಲಿಕೆ ಕೊಟ್ಟು ತಿಳಿಸಿ ಹೇಳಿದಳು: ಮಿದುಳಿನ ರಕ್ತನಾಳ ಕಟ್ಟಿಕೊಂಡರೆ ಕಾಲುವೆಯಲ್ಲಿ ಹೂಳು ತುಂಬಿದ ಹಾಗೆ, ಮುಂದಿನ ಹೊಲಕ್ಕೆ ನೀರಿಲ್ಲ. ಹೂಳು ಕರಗಿಸುವ ಸೂಜಿ ಇದೆ, ಆದರೆ ನಾಲ್ಕೂವರೆ ತಾಸಿನೊಳಗೆ ಆಗಬೇಕು. ನಾಳ ಒಡೆದಿದ್ದರೆ ಬೇರೆ ಉಪಚಾರ. ಕಟ್ಟಿದೆಯೋ ಒಡೆದಿದೆಯೋ, ತಲೆಯ ಸ್ಕ್ಯಾನ್ ಮಾಡದೆ ಗೊತ್ತಾಗದು. ಮೈಲಾರಪ್ಪ ತಿಂಗಳೊಪ್ಪತ್ತಿನಲ್ಲಿ ಮಣ್ಣಾದ. ಗಂಜಿ ಕುಡಿಸಿದ ಆ ಬಟ್ಟಲಲ್ಲಿ ಮಲ್ಲಕ್ಕ ಇವತ್ತಿಗೂ ಉಣ್ಣುವುದಿಲ್ಲ.

ಟ್ರ್ಯಾಕ್ಟರ್ ಡ್ರೈವರ್ ಮಲಿಕಸಾಬ ಆಗಲೇ ಅಂಬುಲೆನ್ಸಿಗೆ ಫೋನು ಹಚ್ಚಿದ್ದ. “ಎರಿಹೊಲದಾಗ ಗಾಡಿ ಹುಗೀತೈತಂತ. ಡಾಂಬರ ರಸ್ತೆತನಕ ತರ್ರಿ ಅಂತಾರ.”

ಮೊನ್ನೆಯ ಮಳೆಯ ಆ ಕೆಸರಿನಲ್ಲಿ ದಾಟುವುದು ಟ್ರ್ಯಾಕ್ಟರ್ ಒಂದೇ. ಅದರ ಟ್ರೇಲರಿನಲ್ಲಿ ಹತ್ತಿ ಗೋಪುರದ ಹಾಗೆ ಏರಿತ್ತು.

“ಹತ್ತಿ ಇಳಸ್ತೀವ್ರಿ,” ಎಂದಳು ಮಲ್ಲಕ್ಕ.

“ಕೆಸರಾಗ? ತಲಿ ಕೆಟ್ಟೈತೇನ್ ನಿನಗ? ಊರಿಗಿ ಹೋಗಿ, ಹತ್ತಿ ಇಳಿಸಿ ಬರ್ಲಿ. ಆಮ್ಯಾಲ ಎಲ್ಲಿಗರ ಒಯ್ರಿ. ಇಂಥಾ ಕೂಲಿಯಾಕಿ ಒಬ್ಬಾಕಿ ಸತ್ರ ಹತ್ ಮಂದಿ ಬರ್ತಾರ.”

ಮಲ್ಲಕ್ಕ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡಳು. ಟ್ರೇಲರಿನ ಹಿಂದಿನ ಹಲಗೆಯ ಕೊಂಡಿ ಎಳೆದಳು.

“ಇಳಸಬ್ಯಾಡ ಅಂದ್ಯಲ್ಲ ಗೌಡಾ? ಇಗಾ, ಚೆಲ್ತೀನಿ.”

ಬಿಳಿ ಹತ್ತಿ ಧುಪ್ಪೆಂದು ಕರಿ ಕೆಸರಿಗೆ ಬಿತ್ತು. ಟ್ರೇಲರ್ ಏರಿ ನಿಂತು ಅವಳು ಕಾಲಿನಿಂದ ಒದ್ದು ನೂಕಿದಳು. ಕೆಳಗಿನ ಹೆಂಗಸರು ಒಂದು ಗಳಿಗೆ ಮಿಕಿಮಿಕಿ ನೋಡಿದರು. ಆಮೇಲೆ ಒಬ್ಬೊಬ್ಬರೇ ಬಂದು ತಮ್ಮ ಉಡಿಯನ್ನೂ ಆ ಕೆಸರಿಗೇ ಕೊಡವಿದರು, ಜಮಾಲಬಿಯನ್ನು ಎತ್ತಿ, ಉಳಿದ ಹತ್ತಿಯ ಮೇಲೆ ಒಂದು ಮಗ್ಗುಲಾಗಿ ಮಲಗಿಸಿದರು.

“ಮಲಿಕ್ಯಾ, ಚಾವಿ ತಾರಲೇ ಬೋಳಿಮಗನ!” ಗೌಡ ಬದುವಿನಿಂದ ಅರಚಿದ.

ಮಲಿಕಸಾಬ ಚಾವಿ ತಿರುವಿದ. ಗೌಡ ಓಡಿ ಬಂದು ಟ್ರ್ಯಾಕ್ಟರಿನ ಮುಂದೆ ನಿಂತ.

“ನಾಳಿಂದ ನನ್ನ ಹೊಲಕ್ಕ ಕಾಲಿಟ್ರ ಕಾಲ ಮುರೀತೀನಿ!”

“ಹೊಲಾ ತುಂಬ ಹತ್ತಿ ಒಡದ ನಿಂತೈತಿ. ನೀನ ಉಡಿ ಕಟ್ಕೊಂಡ ಬಿಡಸ್ಕೋ. ಹನ್ನೊಂದಕ್ಕ ಚಲೋ ಇದ್ಲು, ಈಗ ಹನ್ನೆರಡಾಗಾಕ ಬಂತು, ಮೂರೂವರಿ ಒಳಗ ಈಕಿಗಿ ಸೂಜಿ ಆಗಬೇಕು. ಬಾಜು ಸರಿ.”

ಮಲಿಕಸಾಬ ಗೇರು ಹಾಕಿದ. ಗೌಡ ಸರಿದ.

ಹತ್ತು ಮಾರು ಹೋಗುವುದರಲ್ಲಿ ಹಿಂದಿನ ಗಾಲಿ ಹೂತು ಗರಗರ ತಿರುಗತೊಡಗಿತು. ಹೆಂಗಸರು ಓಡಿ ಹೋಗಿ ಕೆಳಗೆ ಬಿದ್ದ ಹತ್ತಿಯನ್ನು ತೆಕ್ಕೆ ತೆಕ್ಕೆ ತಂದು ಗಾಲಿಯ ಬಾಯಿಗೆ ತುರುಕಿದರು.

“ಲೇ, ನನ್ನ ಹತ್ತಿ!” ಗೌಡ ಚೀರಿದ.

“ಇನ್ನಷ್ಟ ತರ್ರಿ!” ಎಂದಳು ಮಲ್ಲಕ್ಕ. ಅವಳ ಸೆರಗನ್ನು ಜಮಾಲಬಿಯ ಎಡಗೈ ಗಟ್ಟಿಯಾಗಿ ಹಿಡಿದಿತ್ತು. ಗಾಲಿ ಹತ್ತಿಯನ್ನು ಕಚ್ಚಿ ಹಿಡಿದು, ತುಳಿದು, ಮೇಲೆದ್ದಿತು.