ಮೊದಲ ಗುದ್ದಲಿ

ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುವ ಒಂದು ಕೈ. ಮೊಣಕೈವರೆಗೂ ಬಿಳಿ, ಬೆರಳ ಗಿಣ್ಣುಗಳಲ್ಲಿ ಮಾತ್ರ ಹಳೆಯ ಕಪ್ಪು. ಬೋರಜ್ಜಿ ಎಂದೊಡನೆ ನನಗೆ ಮೊದಲು ನೆನಪಾಗುವುದು ಆ ಕೈ. ತೊನ್ನಿನ ಕೈಯೆಂದು ಆಗ ಯಾರೂ ಹೇಸಿದ್ದನ್ನು ನಾನು ಕಂಡಿಲ್ಲ. ಊರಿನ ಮದುವೆಗಳಿಗೆಲ್ಲ ರೊಟ್ಟಿ ಬಡಿಯುತ್ತಿದ್ದವಳು ಆಕೆಯೇ.

ಆ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಾನು ಮದುವೆಯಾಗಿ ಆ ಊರಿಗೆ ಬಂದಾಗಿನಿಂದ ಗೋಡೆಯಾಚೆ ಬೋರಜ್ಜಿ ಮತ್ತು ಅವಳ ಸೊಸೆ ಪಾಲಕ್ಕನ ಜಗಳ ಕೇಳದ ದಿನ ಕಡಿಮೆ. ಮಗ ತೀರಿಕೊಂಡ ಮೇಲೂ ಅವರು ಬೇರೆಯಾಗಲಿಲ್ಲ, ಜಗಳವೂ ನಿಲ್ಲಲಿಲ್ಲ. ಅಜ್ಜಿ ಸತ್ತಾಗ ಅವರದೇ ಹೊಲದ ಬದುವಿನಲ್ಲಿ ಹೂತರು. ಪಾಲಕ್ಕ ಅಳಲಿಲ್ಲ.

ಒಂದು ವರ್ಷ ಬಿಟ್ಟು ಮಳೆ ಕೈಕೊಟ್ಟಿತು. ಮರುವರ್ಷವೂ ಕೈಕೊಟ್ಟಿತು. ಬಿತ್ತಿದ ಬೀಜ ಮಣ್ಣಿನಲ್ಲೇ ಹುರಿದುಹೋಯಿತು. ಊರಬಾವಿಯಲ್ಲಿ ಕೊಡ ಮುಳುಗಲು ಹೆಣಗುವಷ್ಟು ನೀರು ಉಳಿಯಿತು. ಕಪ್ಪೆಗಳಿಗೆ ಮದುವೆ ಮಾಡಿಯೂ ನೋಡಿದರು. ಕೊನೆಗೆ ಹಳೆಯ ನಂಬಿಕೆಯೊಂದು ತಲೆಯೆತ್ತಿತು: ತೊನ್ನಿದ್ದವರನ್ನು ಹೂತ ನೆಲದ ಮೇಲೆ ಮೋಡ ನಿಲ್ಲದು, ಹೊರತೆಗೆದು ಸುಡಬೇಕು. ಅದಕ್ಕೊಂದು ಕಟ್ಟಳೆಯಿತ್ತು. ಮೊದಲ ಗುದ್ದಲಿ ಸತ್ತವರ ಮನೆಯವರದೇ ಆಗಬೇಕು. ಬೇರೆಯವರು ಹಾಕಿದರೆ ಪಾಪ ಹಾಕಿದವರ ವಂಶಕ್ಕೆ. ಆ ಮನೆಯಲ್ಲಿ ಉಳಿದಿದ್ದವಳು ಪಾಲಕ್ಕ ಒಬ್ಬಳೇ.

ಊರ ಯಜಮಾನ ಕಾಟಯ್ಯ ತನ್ನ ಗಂಡುಮಕ್ಕಳನ್ನೂ ಒಂದಿಷ್ಟು ಜನರನ್ನೂ ಕಟ್ಟಿಕೊಂಡು ಅವಳ ಬಾಗಿಲಿಗೆ ಬಂದ.

“ನಿನಗೇನು ಆ ಮುದುಕಿ ಮೇಲೆ ಪ್ರೀತಿ ಇತ್ತಾ ಪಾಲವ್ವ? ಒಂದೇಟು ಹಾಕು ಸಾಕು. ಉಳಿದದ್ದು ನಮಗೆ ಬಿಡು.”

“ಪ್ರೀತಿ ಎಲ್ಲಿಂದ ಬಂತು ಮಾವ,” ಎಂದು ಪಾಲಕ್ಕ ಗುದ್ದಲಿಯನ್ನು ಹೆಗಲಿಗೇರಿಸಿದಳು. “ನಡೀರಿ.”

ಇಷ್ಟು ಸಲೀಸಾಗಿ ಒಪ್ಪುತ್ತಾಳೆಂದು ನಾನು ಎಣಿಸಿರಲಿಲ್ಲ. ಬಿಸಿಲಲ್ಲಿ ಎಲ್ಲರ ಮುಂದೆ ಅವಳೇ ನಡೆದಳು. ಬದುವಿಗೆ ಬಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಗುದ್ದಲಿ ಎತ್ತಿದಳು. ಏಟು ಬಿದ್ದದ್ದು ಗೋರಿಯ ಮೇಲಲ್ಲ. ಮೊಳದಷ್ಟು ಜಾಗ ಬಿಟ್ಟು ಮಗ್ಗುಲಿಗೆ. ಮತ್ತೊಂದು ಏಟು ಹಾಕಿದಳು. ಇನ್ನೊಂದು.

“ಅಲ್ಲೇನವ್ವ ಅಗೀತೀಯ, ಗುಡ್ಡೆ ಇಲ್ಲೈತೆ,” ಎಂದ ಪೂಜಾರಿ ಚಿತ್ತಣ್ಣ.

“ಇದು ನನ್ನ ಜಾಗ ಚಿತ್ತಣ್ಣ. ನಾ ಸತ್ರೆ ಇಲ್ಲೇ ಹೂಳ್ರಿ. ಬದುಕಿದ್ದಾಗ ಆಯಮ್ಮ ನನ್ನ ಒಂದಿನ ಸುಮ್ನಿರಾಕೆ ಬಿಡ್ಲಿಲ್ಲ. ಈಗ ಮಲಗೈತೆ. ಎಬ್ಬಿಸಿ ನನ್ನ ಮ್ಯಾಲೆ ಬಿಡಬ್ಯಾಡ್ರಿ.”

ಹಿಂದೆ ಯಾರೋ ನಕ್ಕರು. ಕಾಟಯ್ಯ ನಗಲಿಲ್ಲ.

“ಊರು ಒಣಗ್ತಾ ಐತೆ, ನಿನಗೆ ಕುಶಾಲು.”

“ಆಯಮ್ಮನ್ನ ಹೂತ ವರ್ಷ ಕೆರೆ ಕೋಡಿ ಬಿತ್ತಲ್ಲ ಮಾವ, ಅದನ್ನ ಯಾರ ಲೆಕ್ಕಕ್ಕೆ ಹಾಕ್ತೀಯ? ನಿನ್ನ ಮಗನ ಮದುವೇಲಿ ಆ ಬಿಳೀ ಕೈ ಬಡಿದ ರೊಟ್ಟಿ ಎಷ್ಟು ತಿಂದೆ? ಹಂಗಾದ್ರೆ ನಿನ್ನ ಹೊಟ್ಟೇನೂ ಅಗೆದು ನೋಡಬೇಕು.” ಗುದ್ದಲಿಯ ಹಿಡಿಯನ್ನು ಅವನತ್ತ ಚಾಚಿದಳು. “ತಗಾ. ಅಷ್ಟು ಅವಸರ ಇದ್ರೆ ಮೊದಲ ಏಟು ನೀನೇ ಹಾಕು.”

ಗುದ್ದಲಿ ಹಾಗೆಯೇ ಗಾಳಿಯಲ್ಲಿ ನಿಂತಿತ್ತು. ಕಾಟಯ್ಯ ಮಕ್ಕಳ ಕಡೆ ನೋಡಿದ. ಅವರು ನೆಲ ನೋಡಿದರು. ಯಾರೂ ಕೈಚಾಚಲಿಲ್ಲ.

“ಸರಿ. ನೀನಾಗಿ ಬಂದು ಅಗೆಯಾ ತನಕ ಊರಬಾವಿಗೆ ಕೊಡ ಇಳಿಸಂಗಿಲ್ಲ,” ಎಂದ ಕಾಟಯ್ಯ.

“ಆಗ್ಲಿ,” ಎಂದಳು ಪಾಲಕ್ಕ.

ಇನ್ನು ನೀರೆಂದರೆ ಗುಡ್ಡದಾಚೆಯ ಕಲ್ಲುಗಣಿಯ ಹೊಂಡವೇ. ಮರುದಿನ ಬೆಳಗ್ಗೆ ಅವಳು ಹೊರಟಾಗ ನಾನೂ ಕೊಡ ಹಿಡಿದು ಜೊತೆಯಾದೆ.

“ನಿನಗೆ ಬಾವಿ ಐತಲ್ಲೇ. ನಿನಗ್ಯಾಕೆ ಈ ಪಾಡು?”

“ಗೋಡೆ ಆಚೆ ಜಗಳ ಕೇಳ್ದೆ ಬ್ಯಾಸರ ಆಗೈತಕ್ಕ.”

“ಹಂಗಾದ್ರೆ ನೀನೇ ಆಡು ಬಾ,” ಎಂದಳು.

ಮಳೆ ಆ ವರ್ಷವೂ ಬರಲಿಲ್ಲ. ಮುಂದಿನ ವರ್ಷ ಬಂತು. ಗೋರಿಯನ್ನು ಯಾರೂ ಮುಟ್ಟಿರಲಿಲ್ಲ. ಇದಕ್ಕಿಂತ ಹೆಚ್ಚಿನದನ್ನು ನಾನು ಹೇಳಲಾರೆ. ಆದರೆ ಆ ಮೊದಲ ಬೆಳಗು ಕಣ್ಣಿಗೆ ಕಟ್ಟಿದಂತಿದೆ. ಮರಳುವಾಗ ಹಿತ್ತಿಲ ಓಣಿ ಹತ್ತಿರವಿತ್ತು, ನೆರಳೂ ಇತ್ತು. ಪಾಲಕ್ಕ ಅದನ್ನು ಬಿಟ್ಟು, ಹಿರಿಯರು ಕೂರುವ ಕಟ್ಟೆಯ ಮುಂದಿನ ಇಕ್ಕಟ್ಟು ಬೀದಿಯನ್ನೇ ಹಿಡಿದಳು. ತಲೆಯ ಮೇಲೆ ತುಂಬಿದ ಕೊಡ, ಅವಸರವಿಲ್ಲದ ನಡಿಗೆ. ಕಟ್ಟೆಯ ಮೇಲೆ ಮಾತು ನಿಂತಿತು. ದಾರಿಗೆ ಚಾಚಿಕೊಂಡಿದ್ದ ಕಾಲುಗಳು ಒಂದೊಂದಾಗಿ ಮಡಚಿಕೊಂಡವು.