ಹಳೆಯ ನೆಲದಿಂದ ನಲವತ್ತು

೨೦೧೭ರ ಡಿಸೆಂಬರ್ ೧೭, ಭಾನುವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಅಮೆರಿಕದ ಕಿರ್ಕ್‌ಲ್ಯಾಂಡಿನಲ್ಲಿ, ಟೋಟೆಮ್ ಲೇಕಿನ ಚರ್ಚಿನ ಹಿಂಬದಿಯ ಹಾಲಿನಲ್ಲಿ ವಿಡಿಯೊ ಓಡುತ್ತಿತ್ತು. ಪರದೆಯ ಮೇಲೆ ಒಬ್ಬ ಮುದುಕಿ ಹಾಡುತ್ತ ಹಾಡುತ್ತ ಬಾಗಿಲ ಹತ್ತಿರ ಬಂದಳು, ಚೌಕಟ್ಟಿಗೆ ಕೈ ಆನಿಸಿ ಒಂದು ಹೆಜ್ಜೆ ಕೆಳಗಿಳಿದು ಒಳಗೆ ಹೋದಳು. ಹಾಲಿನಲ್ಲಿದ್ದವರೆಲ್ಲ ತಾಳಕ್ಕೆ ಚಪ್ಪಾಳೆ ತಟ್ಟುತ್ತಿದ್ದರು. ಜೆನಿಫರಳ ಕೈ ನಿಂತುಹೋಯಿತು.

ಪರದೆಯ ಮೇಲಿದ್ದದ್ದು ಮಾರ್ಷಲ್ ದ್ವೀಪಗಳಲ್ಲೊಂದರ ಹಳೆಯ ಚರ್ಚು, ಹೊಸದನ್ನು ಕಟ್ಟುವ ಮೊದಲು ತೆಗೆದ ವಿಡಿಯೊ. ಅಲ್ಲಿಂದ ಬಂದ ಕುಟುಂಬಗಳು ಪ್ರತಿ ಭಾನುವಾರ ಮಧ್ಯಾಹ್ನ ಈ ಹಾಲಿನಲ್ಲಿ ಆರಾಧನೆಗೆ ಸೇರುತ್ತಿದ್ದವು. ಬೆಳಗಿನ ಆರಾಧನೆಗೆ ಬರುವ ಜೆನಿಫರಳಿಗೆ ಅವರ ಪರಿಚಯವಾದದ್ದು ಅವರ ಸಭೆಯನ್ನು ನೋಡಿಕೊಳ್ಳುವ ಡೀಕನ್ ಬಿಲಿಮೊನ್ ಮೂಲಕ. ಆತ ಹುಡುಗನಾಗಿದ್ದಾಗ ಆ ಚರ್ಚಿಗೆ ಅರವತ್ತು ಜನ ಬರುತ್ತಿದ್ದರಂತೆ. ಈಗ ಮುನ್ನೂರು ದಾಟಿ, ಅರ್ಧ ಜನ ಕಿಟಕಿಯಾಚೆ ನಿಂತೇ ಹಾಡಬೇಕಾಗಿತ್ತು. ದೊಡ್ಡ ಚರ್ಚು ಬೇಕಾದಾಗ ಅಲ್ಲಿಯವರು ಹಳೆಯದನ್ನು ಕೆಡವುವುದಿಲ್ಲ. ಅದರ ಸುತ್ತಲೇ ಹೊಸ ಗೋಡೆ ಎಬ್ಬಿಸಿ, ಮೇಲೆ ಮಾಡು ಹೊದಿಸುತ್ತಾರೆ. ಒಂದು ಭಾನುವಾರವೂ ಆರಾಧನೆ ತಪ್ಪುವುದಿಲ್ಲ. ಕೊನೆಗೆ ಒಳಗಿನ ಹಳೆಯ ಚರ್ಚನ್ನು ಬಿಚ್ಚಿ, ತೊಲೆ ಹಲಗೆಗಳನ್ನು ಹೊಸ ಬಾಗಿಲಿನಿಂದ ಹೊರಗೆ ಹೊತ್ತು ಹಾಕಿ, ಕಾಂಕ್ರೀಟಿನ ನೆಲ ಹಾಕುತ್ತಾರೆ.

ಆ ನೆಲ ಎಷ್ಟು ಎತ್ತರವಿರಬೇಕು ಎಂದು ಬಿಲಿಮೊನ್ ಕೇಳಿದ್ದು ಜೆನಿಫರಳನ್ನೇ. ಅವಳು ಉಳ್ಳಾಲದವಳು. ಕಡಲ್ಕೊರೆತಕ್ಕೆ ದೊಡ್ಡಪ್ಪನ ಮನೆ ಹೋದದ್ದನ್ನು ಕಣ್ಣಾರೆ ಕಂಡವಳು. ಕರಾವಳಿ ಎಂಜಿನಿಯರಿಂಗ್ ಓದಿ, ಸೌತ್ ಲೇಕ್ ಯೂನಿಯನ್ನಿನ ಒಂದು ಕಚೇರಿಯಲ್ಲಿ ಅದೇ ಕೆಲಸ ಮಾಡುತ್ತಿದ್ದಳು. ಆ ತಗ್ಗು ದ್ವೀಪದಲ್ಲಿ ಕಾಂಕ್ರೀಟಿನ ದೊಡ್ಡ ಕಟ್ಟಡ ಎಂದರೆ ಚರ್ಚೊಂದೇ ಆಗಲಿತ್ತು. ಕಡಲು ಏರಿದಾಗ ಜನ ಮಕ್ಕಳನ್ನು ಎತ್ತಿಕೊಂಡು ಅಲ್ಲಿಗೇ ಬರುವವರು. ಹಾಗಾಗಿ ಅವಳು ಹಗುರವಾಗಿ ಹೇಳಿರಲಿಲ್ಲ. ಹುಣ್ಣಿಮೆ ಅಮಾವಾಸ್ಯೆಗೆ ಕಡಲು ಉಬ್ಬುವ ದೊಡ್ಡ ಭರತದ ನೀರು ಬಾಗಿಲ ಎದುರಿನ ನೆಲಕ್ಕಿಂತ ಎಷ್ಟು ಕೆಳಗೆ ನಿಲ್ಲುತ್ತದೆ ಎಂದು ಅಳೆಸಿ ತರಿಸಿಕೊಂಡಿದ್ದಳು. ಅದಕ್ಕೆ ತೆರೆಯ ಎತ್ತರ, ಮುಂದಿನ ಐವತ್ತು ವರ್ಷದ ಏರಿಕೆ ಎಲ್ಲ ಸೇರಿಸಿ, ಹಳೆಯ ನೆಲದಿಂದ ನಲವತ್ತು ಸೆಂಟಿಮೀಟರ್ ಮೇಲೆ ಎಂದು ಹೇಳಿಕಳಿಸಿದ್ದಳು. ಹಳೆಯ ನೆಲ ಹೊರಗಿನ ನೆಲಕ್ಕಿಂತ ಒಂದು ಮೆಟ್ಟಿಲು, ಅಂದರೆ ಹದಿನೈದು ಸೆಂಟಿಮೀಟರ್ ಎತ್ತರ ಎಂದು ಹಿಡಿದಿದ್ದಳು. ಅದನ್ನು ಕೇಳಬೇಕು ಎಂದೇ ಹೊಳೆದಿರಲಿಲ್ಲ. ಅವಳು ಕಂಡ ಚರ್ಚುಗಳಿಗೆಲ್ಲ ಹತ್ತಿಯೇ ಹೋಗಬೇಕಿತ್ತು.

ವಿಡಿಯೊ ಮುಗಿಯಿತು. ಹೊಸ ನೆಲ ಹಾಕಿ ತಿಂಗಳಾಗಿತ್ತು, ಕ್ರಿಸ್‌ಮಸ್ಸಿಗೆ ಪ್ರತಿಷ್ಠೆ. ಆ ಮುದುಕಿ ಯಾಕೆ ಕೆಳಗಿಳಿದಳು ಎಂದು ಜೆನಿಫರ್ ಕಾಫಿಯ ಮೇಜಿನ ಬಳಿ ಬಿಲಿಮೊನನನ್ನು ಕೇಳಿದಳು. ಆತ ನಕ್ಕ. ತಾನು ಚಿಕ್ಕವನಿದ್ದಾಗ ಎರಡು ಮೆಟ್ಟಿಲು ಹತ್ತಿ ಹೋಗಬೇಕಿತ್ತು, ಮೆಟ್ಟಿಲು ಈಗಲೂ ಅಲ್ಲೇ ಇವೆ, ಹರಳಿನಡಿ ಎಂದ. ಪ್ರತಿ ಕ್ರಿಸ್‌ಮಸ್ಸಿಗೆ ಹೆಂಗಸರು ಮಕ್ಕಳು ದಡದಿಂದ ಬಿಳಿ ಹವಳದ ಹರಳನ್ನು ಬುಟ್ಟಿಯಲ್ಲಿ ತಂದು ಚರ್ಚಿನ ಸುತ್ತ, ಸಮಾಧಿಗಳ ಮೇಲೆ ಹರಡುತ್ತಾರೆ. ಮನೆಗೊಂದು ಬುಟ್ಟಿ. ಮನೆಗಳು ಹೆಚ್ಚಿದ ಹಾಗೆ ಬುಟ್ಟಿಗಳೂ ಹೆಚ್ಚಿದವು.

ಹಳೆಯ ನೆಲ ಹರಳಿಗಿಂತ ಎಷ್ಟು ಕೆಳಗಿತ್ತು ಎಂದು ಅವಳು ಕೇಳಿದಳು. ಆತ ಕೈಯಲ್ಲೇ ತೋರಿಸಿದ: ಒಂದು ಗೇಣಿಗೆ ತುಸು ಕಡಿಮೆ.

ಮನೆಗೆ ಬಂದವಳೇ ಲೆಕ್ಕ ತೆಗೆದು ಕುಳಿತಳು. ಹಳೆಯ ನೆಲ ಹದಿನೈದು ಮೇಲೆ ಎಂದುಕೊಂಡದ್ದು ಹದಿನೆಂಟು ಕೆಳಗೆ. ಹೊಸ ನೆಲ ಇರಬೇಕಾದ್ದಕ್ಕಿಂತ ಮೂವತ್ತಮೂರು ಸೆಂಟಿಮೀಟರ್ ತಗ್ಗಿನಲ್ಲಿತ್ತು. ಗಂಡ ಸ್ಟ್ಯಾನಿ ಹಿಂದೆ ನಿಂತು ನೋಡಿದ.

"ಕಾಂಕ್ರೀಟ್ ಹಾಕಿ ಆಯ್ತಲ್ಲ ಮಾರಾಯ್ತಿ," ಎಂದ. "ಅವರು ಖುಷಿಯಲ್ಲಿದ್ದಾರೆ. ಈಗ ಹೇಳಿ ಎಂತ ಉಪಯೋಗ?"

"ಹೊಸ ವರ್ಷಕ್ಕೆ ಹುಣ್ಣಿಮೆ ಉಂಟು, ಸ್ಟ್ಯಾನಿ. ದೊಡ್ಡ ಭರತ. ಕಡಲು ಏರ್ತದೆ ಅಂತ ಆ ವಾರ ಎಲ್ಲ ಮಕ್ಕಳೂ ಆ ಚರ್ಚಿನಲ್ಲೇ ಮಲಗ್ತಾರೆ."

"ಭರತ ಎಲ್ಲ ವರ್ಷವೂ ಬರ್ತದೆ."

"ತೆರೆ ಸೇರಿದ್ರೆ? ಅದಕ್ಕೇ ಅಲ್ವಾ ನನ್ನ ಹತ್ರ ಕೇಳಿದ್ದು?"

ಸ್ಟ್ಯಾನಿ ಕಾರಿನ ಕೀ ತಂದು ಮೇಜಿನ ಮೇಲಿಟ್ಟ. "ಫೋನಿನಲ್ಲಿ ಬೇಡ," ಎಂದ. "ನಾನೂ ಬರ್ತೇನೆ."

ಬಿಲಿಮೊನನ ಮನೆಯಲ್ಲಿ ಕ್ರಿಸ್‌ಮಸ್ ಹಾಡಿನ ಅಭ್ಯಾಸ ನಡೆದಿತ್ತು. ಆತ ಇಬ್ಬರನ್ನೂ ಅಡುಗೆಮನೆಗೆ ಕರೆದೊಯ್ದ. ಜೆನಿಫರ್ ಹಾಳೆಯ ಮೇಲೆ ಗೆರೆ ಎಳೆದು ನೀರು, ಹರಳು, ಹಳೆಯ ನೆಲ, ಹೊಸ ನೆಲ ತೋರಿಸಿದಳು. ತಪ್ಪು ತನ್ನದು ಎಂದು ಎರಡು ಸಲ ಹೇಳಿದಳು. ಆತ ಹಾಳೆಯನ್ನು ಆಚೆ ಈಚೆ ತಿರುಗಿಸಿ ನೋಡಿದ. ಪಕ್ಕದ ಕೋಣೆಯಲ್ಲಿ ಹಾಡು ನಿಂತು ಮತ್ತೆ ಮೊದಲಿನಿಂದ ಶುರುವಾಯಿತು.

"ಆ ಹರಳನ್ನು ನಾನೂ ಹೊತ್ತಿದ್ದೇನೆ, ಸಿಸ್ಟರ್," ಎಂದ ಕೊನೆಗೆ. "ದೇವರಿಗೆ ಅಂತ ಹೊತ್ತದ್ದು."

ಅಂದೇ ಆತ ದ್ವೀಪದ ಹಿರಿಯರಿಗೆ ಫೋನ್ ಮಾಡಿ, ಭರತದ ದಿನ ಎಲ್ಲರೂ ಶಾಲೆಯಲ್ಲಿ ಮಲಗಿ ಎಂದ. ಅವರು ಸುಲಭವಾಗಿ ಒಪ್ಪಲಿಲ್ಲ. ಇಷ್ಟು ದೊಡ್ಡ ಚರ್ಚು ಕಟ್ಟಿ ಶಾಲೆಯಲ್ಲಿ ಮಲಗುವುದೇ, ಅಮೆರಿಕದಲ್ಲಿ ಕೂತು ದೇವರ ಮನೆಯ ಮೇಲೆ ಭಯ ಹುಟ್ಟಿಸುತ್ತೀಯಾ ಎಂದು ಬೈದರಂತೆ. ಮರುದಿನ ಆತ ಮತ್ತೆ ಮಾಡಿದ, ಅದರ ಮರುದಿನವೂ ಮಾಡಿದ. ಅಲ್ಲಿನ ಶಾಲೆಯಲ್ಲಿ ಟೀಚರಾಗಿದ್ದ ಆತನ ತಂಗಿ ನಡುವೆ ಬಂದಮೇಲೆ ಒಂದು ಮಾತಿಗೆ ಬಂದರು: ಭರತದ ದಿನ ಮಕ್ಕಳು, ಮುದುಕರು ಕಂಬಗಳ ಮೇಲೆ ನಿಂತ ಶಾಲೆಯಲ್ಲಿ, ಉಳಿದವರು ಚರ್ಚಿನಲ್ಲಿ.

ಪ್ರತಿಷ್ಠೆ ನಡೆಯಿತು. ಆ ಕ್ರಿಸ್‌ಮಸ್ಸಿಗೂ ಬುಟ್ಟಿಗಳು ಬಂದವು, ಹರಳು ಬೆಳ್ಳಗೆ ಹರಡಿತು.

ಜನವರಿ ಮೊದಲ ವಾರ ದೂರದ ಬಿರುಗಾಳಿಯೊಂದರ ತೆರೆಗಳು ಭರತದ ಮೇಲೆಯೇ ಬಂದವು. ಹರಳನ್ನೆಲ್ಲ ಬಳಿದುಕೊಂಡು ಹೋದವು. ಕೆಲವು ಸಮಾಧಿಗಳು ಬಾಯಿ ಬಿಟ್ಟವು. ಯಾರೂ ಸಾಯಲಿಲ್ಲ. ಚರ್ಚಿನಲ್ಲಿದ್ದವರು ಬೆಂಚುಗಳ ಮೇಲೆ ನಿಂತು ಹಾಡಿದರಂತೆ, ನೀರು ಇಳಿಯುವವರೆಗೆ.

ಮುಂದಿನ ಭಾನುವಾರ ಕಿರ್ಕ್‌ಲ್ಯಾಂಡಿನಲ್ಲಿ ಜಿಟಿಜಿಟಿ ಮಳೆ. ಬಿಲಿಮೊನ್ ಹಾಲಿನಲ್ಲಿ ಒಬ್ಬನೇ ಕುರ್ಚಿ ಜೋಡಿಸುತ್ತಿದ್ದ. ಜೆನಿಫರಳೂ ಜೊತೆಗೆ ಜೋಡಿಸತೊಡಗಿದಳು. ಹಲವು ಕುಟುಂಬಗಳು ಅಲ್ಲಿಂದ ಹೊರಡುವ ಮಾತಾಡುತ್ತಿವೆ, ಈಸ್ಟರಿನ ಹೊತ್ತಿಗೆ ಇಲ್ಲಿ ಇಷ್ಟು ಕುರ್ಚಿ ಸಾಲದು ಎಂದು ಆತ ಹೇಳಿದ. ಈ ಹಾಲು ದೊಡ್ಡದು ಮಾಡಬೇಕಾದೀತೇನೋ ಎಂದ. ನಗಲಿಲ್ಲ.

ತನ್ನ ಲೆಕ್ಕ ಸರಿಯಿದ್ದಿದ್ದರೆ ಆ ನೆಲ ಒಣಗಿಯೇ ಇರುತ್ತಿತ್ತೋ ಎಂದು ಅವಳಿಗೆ ತಿಳಿಯಬೇಕಿತ್ತು. ಅವಳು ಕೇಳುವ ಮೊದಲೇ ಬಿಲಿಮೊನ್ ಫೋನು ತೆಗೆದು ಮುಂದೆ ಹಿಡಿದ. ಹೊಸ ಗೋಡೆಯ ಒಳಬದಿಯಲ್ಲಿ ಕೆಸರಿನ ಗೆರೆ, ಅದಕ್ಕೆ ಆನಿಸಿ ಆತನ ತಂಗಿ ಹಿಡಿದ ಟೇಪು. ನೆಲದಿಂದ ಆ ಗೆರೆಗೆ ಹನ್ನೊಂದು ಸೆಂಟಿಮೀಟರ್. ಅವಳ ಲೆಕ್ಕ ತಪ್ಪಿದ್ದು ಮೂವತ್ತಮೂರು.