ಬಾಲ್ದಿಯ ಅಳತೆ

"ಮನೇಲಿ ದನ ಇದೆಯೇನಮ್ಮ?"

"ಉಂಟು ಸರ್. ಬೊಳ್ಳಿ ಅಂತ."

"ದಿನಕ್ಕೆ ಎಷ್ಟು ಹಾಲು ಕೊಡುತ್ತೆ?"

"ಎಂತ ಉಂಟು ಸರ್," ಎಂದಳು ಪ್ರೀತಿಕಾ. "ನಮ್ಮ ಚಾಯಕ್ಕೆ ಆಗುವಷ್ಟು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಏನು ಮಾಡುವುದು, ಹುಟ್ಟಿದಂದಿನಿಂದ ಕೇಳಿದ ಮಾತು ತಾನಾಗಿ ಬಂದುಬಿಟ್ಟಿತು. ಕಡಬದ ಆ ಮೂಲೆಯಲ್ಲಿ ದನದ ಹಾಲೆಷ್ಟೆಂದು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳುವ ಹೆಂಗಸು ಇನ್ನು ಹುಟ್ಟಿ ಬರಬೇಕಷ್ಟೆ. ದೃಷ್ಟಿ ಬಿದ್ದು ಕೆಚ್ಚಲು ಬತ್ತೀತೆಂಬ ಹೆದರಿಕೆ. ಅದರಲ್ಲೂ ಅವಳ ಅಮ್ಮ ಪಂಕಜಾಕ್ಷಿ ಒಂದು ಕೈ ಮೇಲೆ. ಡೈರಿಯ ಮೆಷಿನಿನಲ್ಲಿ ಲೀಟರು ಊರಿಗೆಲ್ಲ ಕಾಣುವ ಹಾಗೆ ಕೆಂಪಗೆ ಮಿನುಗುತ್ತಿದ್ದರೂ, ಅದರೆದುರೇ ನಿಂತು "ಈಗ ತುಂಬಾ ಕಮ್ಮಿ ಮಾರಾಯ್ರೆ" ಎನ್ನುವವಳು.

ಪಶುವೈದ್ಯಕೀಯ ಕಾಲೇಜಿನ ಸಂದರ್ಶನದಲ್ಲಿ ಈ ಮಾತು ನಡೆಯುತ್ತದೆಯೇ? ಘಟ್ಟದ ಮೇಲಿನ ಪ್ರೊಫೆಸರರು ಕನ್ನಡಕ ತೆಗೆದಿಟ್ಟರು. ಕೃಷಿಕರ ಮಕ್ಕಳಿಗೆ ಮೀಸಲಿಟ್ಟ ಸೀಟು ಬೆರಳೆಣಿಕೆಯಷ್ಟು. ಅದೂ ತಪ್ಪಿದರೆ ದನದ ಡಾಕ್ಟರಾಗುವ ಆಸೆಯನ್ನು ಪ್ರೀತಿಕಾ ಇಲ್ಲೇ ಬಿಟ್ಟು ಬಸ್ಸು ಹತ್ತಬೇಕು.

"ಕೃಷಿಕರ ಕೋಟಾದಲ್ಲಿ ಬಂದಿದ್ದೀಯ, ಸ್ವಂತ ದನದ ಹಾಲು ಗೊತ್ತಿಲ್ಲ. ದನ ಕೊಟ್ಟಿಗೇಲಿದೆಯೋ, ಬರೀ ಅರ್ಜಿಯಲ್ಲಿದೆಯೋ?"

ಪ್ರೀತಿಕಾಳಿಗೆ ಅಳುವೇ ಬಂತು. ತಾಯಿ ಸತ್ತ ಕರುವಾಗಿದ್ದಾಗ ತಾನೇ ತನ್ನ ಹಾಸಿಗೆಯ ಪಕ್ಕ ಗೋಣಿ ಹಾಸಿ ಮಲಗಿಸಿ, ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ ಬೊಳ್ಳಿ ಅದು. ಅದೇ ಇಲ್ಲವಂತೆ.

"ಗೊತ್ತುಂಟು ಸರ್. ಹೇಳ್ಲಿಕ್ಕಿಲ್ಲ. ದೃಷ್ಟಿ ಆಗ್ತದೆ ಅಂತ ಅಮ್ಮ ಬೈತಾರೆ."

ಪ್ರೊಫೆಸರರು ನಗಲಿಲ್ಲ. "ನಾಳೆ ನೀನು ಡಾಕ್ಟರಾದೆ ಅಂತಿಟ್ಕೋ. ಹಾಲು ಇಳಿದಿದೆ ಅಂತ ಕರೆಸಿದವರೂ ಹೀಗೇ ಹೇಳ್ತಾರೆ. ಆಗ ಏನ್ ಮಾಡ್ತೀಯ?"

ಇದಕ್ಕೆ ಅವಳು ಯೋಚಿಸಬೇಕಾಗಲೇ ಇಲ್ಲ.

"ಬಾಯಿಮಾತು ಕೇಳುದಿಲ್ಲ ಸರ್. ಹಾಲು ಕರೆಯುವ ಬಾಲ್ದಿ ತನ್ನಿ ಅಂತೇನೆ. ಚಾಯಕ್ಕೆ ಆಗುವಷ್ಟು ಹಾಲಿಗೆ ಯಾರೂ ದೊಡ್ಡ ಬಾಲ್ದಿ ಇಡುದಿಲ್ಲ. ಮೊದಲು ಎಲ್ಲಿವರೆಗೆ ತುಂಬುತ್ತಿತ್ತು ಅಂತ ಕೇಳಿದ್ರೆ ಬೆರಳಿಟ್ಟು ತೋರಿಸ್ತಾರೆ. ತೋರಿಸಿದ್ರೆ ದೃಷ್ಟಿ ಆಗುದಿಲ್ಲ, ಹೇಳಿದ್ರೆ ಮಾತ್ರ."

ಈಗ ಪ್ರೊಫೆಸರರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಾಗಾದ್ರೆ ನಿಮ್ಮನೆ ಬಾಲ್ದಿ ಎಷ್ಟು ದೊಡ್ಡದಮ್ಮ?"

ಪ್ರೀತಿಕಾ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಹನ್ನೆರಡು ಲೀಟರಿಂದು ಸರ್. ಮೆಲ್ಲ ಮಾತಾಡಿ, ಅಮ್ಮ ಹೊರಗೇ ಇದ್ದಾರೆ."

ಸಂಜೆ ಗೋಡೆಗೆ ಅಂಟಿಸಿದ ಫಲಿತಾಂಶದಲ್ಲಿ ಅವಳ ಹೆಸರೇ ಮೊದಲು. ಪಂಕಜಾಕ್ಷಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮಗಳ ಕೆನ್ನೆ ಹಿಂಡಿ, ಎದುರಿನ ಬೇಕರಿಗೆ ನುಗ್ಗಿದಳು.

ಮರುದಿನ ಬೆಳಿಗ್ಗೆ ಪುತ್ತೂರಿನಲ್ಲಿ ಬಸ್ಸು ಬದಲಿಸಿ ಕಡಬಕ್ಕೆ ಬಂದಾಗ ಊರಿಗೆ ಹೋಗುವ ಪೋಕರನ ಜೀಪು ಆಗಲೇ ತುಂಬಿತ್ತು. ಅಮ್ಮ, ಮಗಳು ಒತ್ತಿಕೊಂಡು ಕೂತರು.

"ಮಗಳ ಇಂಟರ್ವ್ಯೂ ಎಂತಾಯ್ತು ಅಕ್ಕ?" ಪೋಕರ್ ಕೇಳಿದ. ಜೀಪಿನಲ್ಲಿದ್ದವರೆಲ್ಲ ಇತ್ತ ತಿರುಗಿದರು.

"ಎಂತ ಉಂಟು ಪೋಕರ್," ಎಂದಳು ಪಂಕಜಾಕ್ಷಿ. "ಹೋಗಿ ಬಂದದ್ದಷ್ಟೆ. ಹೇಗೋ ಕಡೆಗೊಂದು ಸೀಟು ಸಿಕ್ಕೀತು ಅಂತ ಕಾಣ್ತದೆ."

ಪ್ರೀತಿಕಾ ಅಮ್ಮನ ಮುಖ ನೋಡಿದಳು. ಅಮ್ಮ ಹೊರಗೆ ನೋಡುತ್ತಿದ್ದಳು. ಸೆರಗಿನಡಿಯಲ್ಲಿ ಅವಳ ಕೈ ಮಗಳ ಕೈಯನ್ನು ಬಿಗಿಯಾಗಿ ಹಿಡಿದಿತ್ತು.

ಪೋಕರ್ ಕನ್ನಡಿಯಲ್ಲಿ ಪಂಕಜಾಕ್ಷಿಯ ಮಡಿಲನ್ನೊಮ್ಮೆ ನೋಡಿದ. ಅಲ್ಲಿ ಅವಳ ಗದ್ದಕ್ಕೆ ತಾಗುವಷ್ಟು ದೊಡ್ಡ ಮೈಸೂರುಪಾಕಿನ ಪೆಟ್ಟಿಗೆಯಿತ್ತು. ಅವನು ಮತ್ತೇನೂ ಕೇಳದೆ ಗೇರು ಹಾಕಿದ.